ವಾಲೆಟ್ ಬದಲಿಸುವ ಮುನ್ನ ಹೊರಬರುವ ದಾರಿ ನೋಡಿ

ಬಿಟ್‌ಕಾಯಿನ್ ಪಾವತಿಗೆಂದು ಬರುವ ಹೊಸ ಮೊಬೈಲ್ ವಾಲೆಟ್‌ಗಳೆಲ್ಲ ಹೇಳುವುದು ಒಂದೇ ಮಾತು: ಕ್ಯೂಆರ್ ಸ್ಕ್ಯಾನ್ ಮಾಡಿ, ಮರುಕ್ಷಣ ಹಣ ತಲುಪುತ್ತದೆ. ಮಾತು ನಿಜವೇ. ಆದರೆ ಆ ವೇಗ ಆ್ಯಪ್ ತಯಾರಿಸಿದವರು ಕೊಟ್ಟದ್ದಲ್ಲ. ಬಿಟ್‌ಕಾಯಿನ್‌ನ ಮೂಲ ಜಾಲದಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ. ಪಾವತಿ ಖಾತ್ರಿಯಾಗಬೇಕಾದರೆ ಅದಕ್ಕೆ ಕಾಯಲೇಬೇಕು. ಜೋಸೆಫ್ ಪೂನ್ ಮತ್ತು ಥಾಡಿಯಸ್ ಡ್ರೈಜಾ 2016ರ ಪ್ರಬಂಧದಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಅದೇ 2018ರಿಂದ ಬಳಕೆಯಲ್ಲಿರುವ ಲೈಟ್ನಿಂಗ್ ಜಾಲ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ರೀತಿಯೇ ಇದರದ್ದೂ: ಇಬ್ಬರ ನಡುವೆ ಚಾನೆಲ್ ತೆರೆದು ಅದರಲ್ಲಿ ಮೊದಲೇ ಹಣ ಕಟ್ಟಿಡುತ್ತಾರೆ, ಆಮೇಲಿನ ಕೊಡುಕೊಳ್ಳುವಿಕೆ ಅಲ್ಲೇ ಬರೆದುಕೊಂಡು ಹೋಗುತ್ತದೆ, ಚುಕ್ತಾ ಮಾಡುವಾಗ ಮಾತ್ರ ಮೂಲ ಜಾಲಕ್ಕೆ ಬರುತ್ತದೆ. ಈ ಜಾಲ ಬಳಸುವ ವಾಲೆಟ್‌ಗಳ ನಡುವೆ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ ವೇಗಕ್ಕೆಂದು ವಾಲೆಟ್ ಬದಲಿಸುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಹೊಸದೊಂದನ್ನು ಕೈಗೆತ್ತಿಕೊಳ್ಳುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ನಾಳೆ ಈ ಆ್ಯಪ್ ನಿಂತುಹೋದರೆ ನನ್ನ ಹಣ ಯಾರ ಅನುಮತಿಯೂ ಇಲ್ಲದೆ ಹೊರಗೆ ಬರುತ್ತದೆಯೇ?

ಇದು ಬರೀ ಕಲ್ಪನೆಯ ಭಯವಲ್ಲ. ಬಹಳ ಜನಪ್ರಿಯವಾಗಿದ್ದ ವಾಲೆಟ್ ಆಫ್ ಸತೋಶಿ 2023ರ ನವೆಂಬರ್‌ನಲ್ಲಿ ಅಮೆರಿಕದ ಆ್ಯಪ್ ಸ್ಟೋರ್‌ಗಳಿಂದ ಹಿಂದೆ ಸರಿಯಿತು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಂಪನಿಯೊಂದರ ಫೀನಿಕ್ಸ್ ಕೂಡ ಅಲ್ಲಿಂದ ಹೊರಬಿತ್ತು. ಇಂಥ ವಾಲೆಟ್ ನಡೆಸುವವರನ್ನು ಅಮೆರಿಕದ ಕಾನೂನು ಹಣಕಾಸು ಸೇವಾ ಸಂಸ್ಥೆಯೆಂದು ಪರಿಗಣಿಸುತ್ತದೆಯೇ ಎಂಬ ಗೊಂದಲ ಅದಕ್ಕೆ ಕಾರಣ. ಮರುವರ್ಷ ಫೀನಿಕ್ಸ್ ವಾಪಸ್ ಬಂತು. ಎರಡೂ ಸುದ್ದಿ ಒಂದೇ ಥರ ಕಂಡರೂ ಬಳಕೆದಾರನ ಸ್ಥಿತಿ ಒಂದೇ ಆಗಿರಲಿಲ್ಲ. ಮೊದಲನೆಯದರಲ್ಲಿ, ಹಣ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿ ಆಗ ಇದ್ದದ್ದು ಕಂಪನಿಯ ಬಳಿ. ಫೋನಿನಲ್ಲಿ ಕಾಣುತ್ತಿದ್ದ ಬ್ಯಾಲೆನ್ಸ್ ಎಂದರೆ ಅವರ ಲೆಕ್ಕದಲ್ಲಿನ ಒಂದು ಸಾಲು. ಎರಡನೆಯದರಲ್ಲಿ ಕೀಲಿ ಬಳಕೆದಾರನ ಫೋನಿನಲ್ಲೇ ಇತ್ತು, ಚಾನೆಲ್ ಮುಚ್ಚಿ ಮೂಲ ಜಾಲದ ವಿಳಾಸಕ್ಕೆ ಹಣ ಇಳಿಸಿಕೊಳ್ಳಲು ಅವನಿಗೆ ಸಾಧ್ಯವಿತ್ತು. ಹಾಗೆಂದು ಆ ದಾರಿ ಪುಕ್ಕಟೆಯಲ್ಲ. ಬಿಟ್‌ಕಾಯಿನ್‌ನ ನಾಲ್ಕನೇ ಹಾವಿಂಗ್ (ಹೊಸ ಬ್ಲಾಕಿನ ಬಹುಮಾನ ಅರ್ಧಕ್ಕಿಳಿಯುವುದು) ನಡೆದ 2024ರ ಏಪ್ರಿಲ್ 20ರಂದು ಒಂದೇ ಬ್ಲಾಕಿಗೆ 37 ಬಿಟ್‌ಕಾಯಿನ್‌ಗೂ ಹೆಚ್ಚು ಶುಲ್ಕ ಸಂದಾಯವಾಯಿತು. ಅಂಥ ದಿನ ಚಾನೆಲ್ ಮುಚ್ಚಲು ಹೊರಟರೆ ಸಣ್ಣ ಮೊತ್ತವನ್ನೆಲ್ಲ ಶುಲ್ಕವೇ ನುಂಗಿಬಿಡುತ್ತದೆ. ವಾಲೆಟ್ ಬದಲಿಸುವುದಿದ್ದರೆ ಜಾಲ ಬಿಡುವಾಗಿ, ಶುಲ್ಕ ಇಳಿದಿರುವ ಹೊತ್ತನ್ನು ನೋಡಿಕೊಳ್ಳಿ.

ಬಹುಮಂದಿ ಎಡವುವುದು ವಾಲೆಟ್ ಮರಳಿ ಪಡೆಯಲೆಂದು ಬರೆದಿಟ್ಟುಕೊಳ್ಳುವ 12 ಪದಗಳ ವಿಷಯದಲ್ಲಿ. 2048 ಪದಗಳ ಪಟ್ಟಿಯಿಂದ ಆಯ್ದ ಈ ಪದಸರಣಿಯನ್ನು ಹೊಸ ಆ್ಯಪ್‌ನಲ್ಲಿ ಟೈಪ್ ಮಾಡಿದರೆ ಹಣವೆಲ್ಲ ಅಲ್ಲಿಗೆ ಬರುತ್ತದೆ ಎಂದು ನಂಬಿರುತ್ತಾರೆ. ಮೂಲ ಜಾಲದಲ್ಲಿರುವ ಹಣದ ಮಟ್ಟಿಗೆ ಅದು ಸಾಮಾನ್ಯವಾಗಿ ಸರಿ. ಚಾನೆಲ್‌ನೊಳಗಿನ ಹಣದ ಕತೆ ಬೇರೆ. ಅದು ಯಾರಿಗೆ ಎಷ್ಟು ಎಂಬುದು ಇಬ್ಬರೂ ಕೊನೆಯ ಬಾರಿ ಒಪ್ಪಿದ ಲೆಕ್ಕದ ಮೇಲೆ ನಿಂತಿದೆ, ಆ ಲೆಕ್ಕ 12 ಪದಗಳಲ್ಲಿ ಅಡಗಿಲ್ಲ. ಹಳೆಯ ಬ್ಯಾಕಪ್‌ನಿಂದ ಹಳೆಯ ಲೆಕ್ಕವನ್ನೇ ಜಾಲಕ್ಕೆ ಸಲ್ಲಿಸಿದರೆ ಜಾಲದ ನಿಯಮ ಅದನ್ನು ಮೋಸವೆಂದೇ ಎಣಿಸುತ್ತದೆ, ಆಗ ಚಾನೆಲ್‌ನ ಪೂರ್ತಿ ಹಣವನ್ನು ಎದುರು ಪಕ್ಷ ತೆಗೆದುಕೊಳ್ಳಬಹುದು. ಆದ್ದರಿಂದ ಪದಗಳನ್ನು ಸಾಗಿಸುವ ಬದಲು ಹಣವನ್ನೇ ಸಾಗಿಸಿ. ಹೊಸ ವಾಲೆಟ್‌ನಲ್ಲಿ ಇನ್‌ವಾಯ್ಸ್ ತೆರೆದರೆ ಎಲ್‌ಎನ್‌ಬಿಸಿ ಎಂದು ಶುರುವಾಗುವ ಉದ್ದನೆಯ ಅಕ್ಷರಮಾಲೆ ಬರುತ್ತದೆ. ಹಳೆಯ ವಾಲೆಟ್‌ನಿಂದ ಅದಕ್ಕೆ ಪಾವತಿ ಮಾಡಿ. ಕೀಲಿ ನಿಮ್ಮಲ್ಲೇ ಇರುವ ವಾಲೆಟ್‌ಗಳಲ್ಲಿ ಮೊದಲ ಬಾರಿ ಬರುವ ಮೊತ್ತ ಕಳಿಸಿದ್ದಕ್ಕಿಂತ ಕಡಿಮೆ ಇರುವುದುಂಟು. ಚಾನೆಲ್ ತೆರೆಯುವ ಖರ್ಚನ್ನು ಅದರಲ್ಲೇ ಮುರಿದುಕೊಂಡಿರುತ್ತಾರೆ. ಹೊಸ ವಾಲೆಟ್‌ಗೆ ಹೊಸ ಪದಗಳೇ ಇರಲಿ ಎನ್ನಲು ಇನ್ನೊಂದು ಕಾರಣವಿದೆ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳು ಕೀಲಿಗಳಿಗೆ ಆಧಾರವಾದ ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ರೀತಿಯಲ್ಲೇ ದೋಷ ಕಂಡುಬಂತು. ಆಗ ಆ್ಯಪ್ ಅಪ್‌ಡೇಟ್ ಮಾಡಿದರಷ್ಟೇ ಸಾಲದಾಯಿತು, ಹೊಸ ಕೀಲಿ ಸೃಷ್ಟಿಸಿ ಹಣವನ್ನು ಅಲ್ಲಿಗೆ ಸಾಗಿಸಬೇಕಾಯಿತು. ದುರ್ಬಲ ಕೀಲಿಯನ್ನು ಎಷ್ಟು ಒಳ್ಳೆಯ ಆ್ಯಪ್‌ಗೆ ಒಯ್ದರೂ ಅದು ದುರ್ಬಲವೇ.

ಇಷ್ಟೆಲ್ಲ ರಗಳೆ ಯಾಕೆ, ಕೀಲಿಯನ್ನು ಕಂಪನಿಯೇ ಇಟ್ಟುಕೊಂಡರೆ ಸಲೀಸಲ್ಲವೇ ಎನ್ನುವವರಿದ್ದಾರೆ. ಒಂದು ಹೊತ್ತಿನ ಊಟದ ಬಿಲ್ಲಿನಷ್ಟು ಮೊತ್ತಕ್ಕೆ ನಾನೂ ಒಪ್ಪುತ್ತೇನೆ. ತೊಡಕಾಗುವುದು ಹಣ ಸ್ವೀಕರಿಸುವವರಿಗೆ. ಅವರ ಬ್ಯಾಲೆನ್ಸ್ ದಿನದಿನಕ್ಕೆ ಬೆಳೆಯುತ್ತದೆ, ಅವಲಂಬನೆಯೂ ಬೆಳೆಯುತ್ತದೆ. ದೊಡ್ಡವರು ಬೆನ್ನಿಗಿದ್ದಾರೆ ಎಂಬ ಭರವಸೆಯೂ ಗಟ್ಟಿಯಲ್ಲ. ಎಲ್ ಸಾಲ್ವಡಾರ್ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ತಲಾ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟು ಚೀವೊ ವಾಲೆಟ್ ತಂದಿತು. 2024ರ ಕೊನೆಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೊಂದಿಗೆ ಒಪ್ಪಂದವಾದಾಗ, ಆ ವಾಲೆಟ್‌ನಿಂದ ಹಂತಹಂತವಾಗಿ ಕೈತೊಳೆದುಕೊಳ್ಳಲು ಅದೇ ಸರ್ಕಾರ ಒಪ್ಪಿಕೊಂಡಿತು.

ಯುಪಿಐ ಇರುವಾಗ ನಮಗೆ ಇದರ ಗೊಡವೆ ಏಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ದೇಶದೊಳಗಿನ ದಿನನಿತ್ಯದ ಖರ್ಚಿನ ಮಟ್ಟಿಗೆ ಅದಕ್ಕೆ ನನ್ನ ಬಳಿ ಪ್ರತ್ಯುತ್ತರವಿಲ್ಲ, ಬೇಕಾಗಿಯೂ ಇಲ್ಲ. ಅದಲ್ಲದೆ ಭಾರತದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ. ನಷ್ಟವನ್ನು ಬೇರೆ ಆದಾಯದಲ್ಲಿ ಹೊಂದಿಸಿಕೊಳ್ಳುವಂತಿಲ್ಲ. ಅದೇ ವರ್ಷದ ಜುಲೈನಿಂದ ಶೇ 1ರ ಟಿಡಿಎಸ್ ಕೂಡ ಸೇರಿತು. ಕ್ರಿಪ್ಟೊ ಕೊಟ್ಟು ಏನನ್ನಾದರೂ ಕೊಂಡರೆ ಅದೂ ವರ್ಗಾವಣೆಯೇ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಬಿಡುಗಡೆಯಿಲ್ಲ. ಅಲ್ಲಿನ ತೆರಿಗೆ ಇಲಾಖೆ 2014ರಿಂದಲೇ ಇದನ್ನು ಆಸ್ತಿಯೆಂದು ಪರಿಗಣಿಸುತ್ತಿದೆ. ಅಂದರೆ ಕ್ಷಣದಲ್ಲಿ ಮುಗಿದ ಒಂದೊಂದು ಪಾವತಿಗೂ ಕೊಂಡ ಬೆಲೆ, ಕೊಟ್ಟ ದಿನದ ಬೆಲೆ ಎರಡೂ ಬೇಕು. ಲೈಟ್ನಿಂಗ್ ಪಾವತಿಗಳ ಪಟ್ಟಿ ಬಹುತೇಕ ಫೋನಿನಲ್ಲೇ ಇರುತ್ತದೆ, ಮೂಲ ಜಾಲದಲ್ಲಿ ಹುಡುಕಿದರೆ ಸಿಗದು, 12 ಪದಗಳಿಂದಲೂ ಮರಳಿ ಬರದು. ಆದ್ದರಿಂದ ಹಳೆಯ ಆ್ಯಪ್ ಅಳಿಸುವ ಮುನ್ನ ವಹಿವಾಟಿನ ಪಟ್ಟಿಯನ್ನು ಫೈಲ್ ಆಗಿ ಇಳಿಸಿಟ್ಟುಕೊಳ್ಳಿ. ಆ ಸೌಲಭ್ಯವಿಲ್ಲದಿದ್ದರೆ ಒಂದೊಂದು ಪರದೆಯ ಚಿತ್ರ ತೆಗೆದಿಡಿ. ನಿಮ್ಮದೇ ಎರಡು ವಾಲೆಟ್‌ಗಳ ನಡುವಿನ ಸಾಗಣೆಯನ್ನು ಅದರಲ್ಲಿ ಪ್ರತ್ಯೇಕವಾಗಿ ಗುರುತು ಮಾಡಿ, ಇಲ್ಲದಿದ್ದರೆ ಮುಂದೆ ಅದು ಮಾರಾಟವಲ್ಲ ಎಂದು ತೋರಿಸುವುದು ಕಷ್ಟ. ಕೊನೆಯ ಚಾನೆಲ್ ಮುಚ್ಚಿ, ಅದರ ಹಣ ಮೂಲ ಜಾಲದಲ್ಲಿ ಖಾತ್ರಿಯಾಗುವವರೆಗೆ ಹಳೆಯ ಆ್ಯಪ್ ಫೋನಿನಲ್ಲೇ ಇರಲಿ.