ಸಂಜೆ ಐದಕ್ಕೆ ಬಂದವರಿಗೂ ಅದೇ ಕೂಲಿ

ಭತ್ತದ ಕೊಯ್ಲು ನಡೆದಿದೆ, ಹತ್ತಿ ಬಿಡಿಸುವುದು ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ಕೂಟಗಳ ಕಾಲ ಬಂತು. ರಾಯಚೂರು, ದೇವದುರ್ಗ, ಮಾನ್ವಿ ಸಭೆಗಳಲ್ಲಿ ಪೆಂಡಾಲು ಹಾಕಿಸುವುದು, ಹಾಡು ಕಲಿಸುವುದು, ಅಡುಗೆಗೆ ಹೊಂದಿಸುವುದು ಎಲ್ಲವನ್ನೂ ಹೊತ್ತುಕೊಂಡಿರುವ ಯೌವನಸ್ಥರೇ, ಸಭೆಯ ಹಿರಿಯನಾಗಿ ನಿಮಗೊಂದು ಮಾತು. ಕೂಟದಲ್ಲಿ ಮನಸಾರೆ ಸಂತೋಷಪಡಿ. ಆದರೆ ಯಾವುದಕ್ಕಾಗಿ ಈ ಸಂತೋಷ ಎಂಬುದು ನಿಮಗೂ ತಿಳಿದಿರಲಿ, ಹಿಂದಿನ ಸಾಲಿನಲ್ಲಿ ಕುಳಿತವರಿಗೂ ತಿಳಿಯಲಿ.

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮ್ಯವಿದೆ. ಯಜಮಾನ ಬೆಳಗಾಗುತ್ತಲೇ ಹೋಗಿ ಕೂಲಿ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೂ ಹೋಗುತ್ತಾನೆ. ಕಡೆಗೆ ಸಂಜೆ ಐದಕ್ಕೆ, ಯಾರೂ ಕರೆಯದೆ ಪೇಟೆಯಲ್ಲೇ ನಿಂತಿದ್ದವರನ್ನೂ ಕರೆಯುತ್ತಾನೆ. ಲೆಕ್ಕದ ಹೊತ್ತಿಗೆ ಎಲ್ಲರಿಗೂ ಒಂದೇ ನಾಣ್ಯ, ಅದೂ ಕೊನೆಗೆ ಬಂದವರಿಗೇ ಮೊದಲು. ಈ ಸಾಮ್ಯ ಓದಿದ ಪಂಡಿತರಿಗಿಂತ ನಮ್ಮ ಹೊಲದ ಹೆಣ್ಣುಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ. ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವವರು ಅವರು. ಸಂಜೆ ತಕ್ಕಡಿ ಎಷ್ಟು ಹೇಳುತ್ತದೋ ಅಷ್ಟೇ ದುಡ್ಡು. ಜ್ವರ ಬಂದು ಕುಳಿತರೆ ತೂಕ ಕಡಿಮೆ, ಹಾಲು ಕುಡಿಯುವ ಕೂಸು ಅತ್ತರೆ ತೂಕ ಕಡಿಮೆ. ದಿನವೂ ತಕ್ಕಡಿಯ ಮುಂದೆ ನಿಲ್ಲುವವರಿಗೆ, ತೂಗದೆ ಕೊಡುವ ಯಜಮಾನನೊಬ್ಬನಿದ್ದಾನೆ ಎಂದು ಬಿಡಿಸಿ ಹೇಳಿ. ಕೃಪೆಯ ಸಂತೋಷ ಹುಟ್ಟುವುದು ಅಲ್ಲಿಂದ.

ಇದನ್ನು ಮರೆತರೆ ಸಾಕ್ಷಿ ಹೇಳುವ ಹೊತ್ತೇ ತಕ್ಕಡಿಯಾಗುತ್ತದೆ. ಒಬ್ಬರಿಗೆ ನೌಕರಿ ಸಿಕ್ಕಿತು, ಇನ್ನೊಬ್ಬರು ಮನೆ ಕಟ್ಟಿಸಿದರು. ಸ್ತೋತ್ರ ಹೇಳಲಿ, ತಪ್ಪಿಲ್ಲ. ಆದರೆ ಕಾಲುವೆಯ ಕೊನೆ ಭಾಗದಲ್ಲಿ ನೀರು ಸಿಗದವನು, ಮಗುವನ್ನು ಮಣ್ಣು ಮಾಡಿ ಬಂದ ತಾಯಿ ಅದನ್ನು ಕೇಳುತ್ತಾ ಕುಳಿತಿರುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯನ್ನು ನಂಬಿದ ರೈತರೆಲ್ಲ ನಡುಗಿದರು. ಅಂಥ ವರ್ಷದಲ್ಲಿ ದೇವರ ಕೃಪೆ ಕಡಿಮೆಯಾಯಿತೇ? ನೊಂದವರಿಗೆ ‘ನಿಮ್ಮ ನಂಬಿಕೆ ಸಾಲದು’ ಎಂದು ಯಾವತ್ತೂ ಹೇಳಬೇಡಿ. ಅದು ಕ್ರೂರ ಮಾತು. ಸಂತೋಷಪಡಿ ಎಂದು ಫಿಲಿಪ್ಪಿ ಸಭೆಗೆ ಮತ್ತೆ ಮತ್ತೆ ಬರೆದ ಪೌಲ ಆಗ ಸೆರೆಯಲ್ಲಿದ್ದ. ಅದೇ ಫಿಲಿಪ್ಪಿಯ ಜೈಲಿನಲ್ಲಿ ಹಿಂದೊಮ್ಮೆ ಅವನೂ ಸೀಲನೂ ಏಟು ತಿಂದ ಮೈಯಲ್ಲೇ ನಡುರಾತ್ರಿ ಹಾಡಿದ್ದರು. ಉಳಿದ ಕೈದಿಗಳು ಕೇಳುತ್ತಿದ್ದರು.

ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಕ್ರಿಸ್ಮಸ್ಸಿಗೆ ಊರಿಗೆ ಬರುತ್ತಾರೆ. ವರ್ಷವಿಡೀ ಆರಾಧನೆಗೆ ಯಾಕೆ ಬರಲಿಲ್ಲ ಎಂದು ಬಾಗಿಲಲ್ಲೇ ವಿಚಾರಣೆ ಮಾಡಬೇಡಿ. ಸಂಜೆ ಐದಕ್ಕೆ ಬಂದವರು ಅವರೇ. ಮುಂದೆ ಕರೆದು ಕೂರಿಸಿ, ಮೊದಲ ಪಂಕ್ತಿಯಲ್ಲೇ ಬಡಿಸಿ.

ಹಾಡಿನ ಬಗ್ಗೆಯೂ ಒಂದು ಮಾತು. ರಾಯಚೂರು ಪಟ್ಟಣದಲ್ಲಿ ತೆಲುಗು ಹಾಡೂ ಬೇಕು, ಕನ್ನಡದ್ದೂ ಬೇಕು, ಎರಡೂ ನಮ್ಮವೇ. ಕೀಬೋರ್ಡು ಇರಲಿ, ಆದರೆ ಅಜ್ಜಿಯರಿಗೆ ಬಾಯಿಗೆ ಬರುವ ಹಾಡೂ ಇರಲಿ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್, ಜೊತೆಯವರೊಂದಿಗೆ ವರ್ಷಗಟ್ಟಲೆ ದುಡಿದು ಬೈಬಲನ್ನು ಕನ್ನಡಕ್ಕೆ ತಂದರು. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂದು ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. ಮಾನ್ವಿಯಂತೂ ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರ ಊರು. ಹಾಡಿನಲ್ಲೇ ಭಕ್ತಿ ಮಾಡಿದ ನೆಲ ಇದು. ತಾಳ, ದಪ್ಪು, ಹಾರ್ಮೋನಿಯಂ ಹಿಡಿದು ಹಾಡಲು ನಾಚಿಕೆ ಬೇಡ. ವಿಕಾರಾಬಾದಿನ ಬಳಿಯ ಧಾರೂರಿನಲ್ಲಿ ಮೆಥೋಡಿಸ್ಟ್ ಸಭೆಯವರು 1923ರಿಂದ ನಡೆಸುತ್ತಿರುವ ಕೂಟಕ್ಕೆ ಜನ ಇಟ್ಟುಕೊಂಡ ಹೆಸರೂ ಜಾತ್ರೆಯೇ. ಬಯಲಲ್ಲಿ ಬಿಡಾರ ಹೂಡಿ, ಒಲೆ ಹಚ್ಚಿ, ಮನೆಮಂದಿಯೆಲ್ಲ ಸೇರಿ ಸ್ತುತಿಸುವುದು ನಮ್ಮ ಜನರಿಗೆ ಒಗ್ಗಿದ ರೀತಿ.

ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಿ. ಕಾನೂನೂ ಅದನ್ನೇ ಹೇಳುತ್ತದೆ. ನೆರೆಮನೆಯವರನ್ನು ಊಟಕ್ಕೆ ಕರೆಯಿರಿ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಬುತ್ತಿ ತೆಗೆದುಕೊಂಡು ಹೋಗಿ, ಅಲ್ಲೇ ಒಂದು ಹಾಡು ಹಾಡಿ ಬನ್ನಿ.

ಕೊನೆಗೊಂದು ಕೋರಿಕೆ. ಈ ವರ್ಷ ಸಾಕ್ಷಿಗೆಂದು ಮೈಕು ತೆಗೆದಾಗ ಅದನ್ನು ವೇದಿಕೆಯ ಕುರ್ಚಿಗಳಿಗೆ ಕೊಡಬೇಡಿ. ಕೆಳಗಿಳಿದು, ಹಿಂದಿನ ಸಾಲಿನ ತನಕ ನಡೆದುಹೋಗಿ, ಹತ್ತಿ ಹೊಲದಿಂದ ಬಂದ ಅವ್ವಂದಿರ ಕೈಗೆ ಮೊದಲು ಕೊಡಿ.