ಧಾರವಾಡ ಸೀಮೆಯಲ್ಲಿ ತರುಣ ಕಿಟೆಲ್

ಗುಂಡ್ಲುಪೇಟೆಯ ಸಮೀಪದ ಬೇಗೂರಿನಲ್ಲಿ ‘ಹಿಟ್ಟು’ ಎಂದರೆ ಊಟಕ್ಕೆ ಬಡಿಸುವ ರಾಗಿಯ ಮುದ್ದೆ. ಧಾರವಾಡದಲ್ಲಿ ಅದೇ ಮಾತಿಗೆ ಬೀಸುವ ಕಲ್ಲಿನಿಂದ ಉದುರಿದ ಪುಡಿ ಎಂದಷ್ಟೇ ಅರ್ಥ. ಬೇಗೂರು ಕನ್ನಡ ನಾಡಿನ ತೆಂಕಣ ಅಂಚಿನ ಊರು; ಧಾರವಾಡ ಬಡಗಣ ಸೀಮೆಯ ಪಟ್ಟಣ. ಹೀಗೆ ಊರಿಂದೂರಿಗೆ ಬಣ್ಣ ಬದಲಿಸುವ ಒಂದು ನುಡಿಯನ್ನು, ಅದರ ಒಂದು ಅಕ್ಷರವನ್ನೂ ಅರಿಯದ ಹೊರನಾಡಿಗನೊಬ್ಬನು ಕಲಿಯಲು ಹೊರಟರೆ ಅವನ ಪಾಡೇನು? ಇಪ್ಪತ್ತೊಂದರ ಹರೆಯದ ಫರ್ಡಿನೆಂಡ್ ಕಿಟೆಲ್ ಅವರು 1853ರಲ್ಲಿ ಎದುರಿಸಿದ ಪ್ರಶ್ನೆ ಇದೇ ಆಗಿತ್ತು.

ಕಿಟೆಲ್ ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕಡಲತೀರದ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ತಂದೆ ಕ್ರೈಸ್ತ ಧರ್ಮಬೋಧಕರು. ಶಾಲೆಯಲ್ಲಿ ಪ್ರಾಚೀನ ಭಾಷೆಗಳನ್ನು ಕಲಿತ ಬಾಲಕ ಮುಂದೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, ಶಿಕ್ಷಣ ಮುಗಿಸಿ, ಭಾರತಕ್ಕೆ ಹಡಗು ಹತ್ತಿದನು.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ, 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ತನ್ನ ಕೇಂದ್ರಗಳನ್ನು ತೆರೆದಿತ್ತು. ಆಗ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಡಳಿತಗಾರರು ಅದನ್ನು ‘ದಕ್ಷಿಣ ಮರಾಠಾ ದೇಶ’ವೆಂದು ಕರೆಯುತ್ತಿದ್ದರು. ಜನರ ಮನೆಮಾತು ಕನ್ನಡವಾಗಿದ್ದರೂ ಕಚೇರಿ ಶಾಲೆಗಳಲ್ಲಿ ಮರಾಠಿಯ ಪ್ರಭಾವವೇ ಹೆಚ್ಚಾಗಿತ್ತು. ರೈಲುಮಾರ್ಗ ಇನ್ನೂ ಧಾರವಾಡವನ್ನು ಮುಟ್ಟಿರಲಿಲ್ಲ. ಕರಾವಳಿಯಿಂದ ಘಟ್ಟವನ್ನೇರಿ ಬರುವವರಿಗೆ ಎತ್ತಿನ ಗಾಡಿ, ಕುದುರೆ ಅಥವಾ ಕಾಲ್ನಡಿಗೆಯೇ ಗತಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಯೂರೋಪಿಗೆ ಬರೆದ ಪತ್ರಕ್ಕೆ ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ತರುಣ ಮಿಶನರಿಗಳು ವಿವಾಹವಾಗುವುದಕ್ಕೂ ಬಾಸೆಲಿನ ಆಡಳಿತ ಸಮಿತಿಯ ಅಪ್ಪಣೆ ಬೇಕಾಗಿತ್ತು. ತಾಯ್ನಾಡಿನಿಂದ ಇಷ್ಟು ದೂರದಲ್ಲಿ ಕಳೆಯುವ ದಿನಗಳಲ್ಲಿ ಒಂಟಿತನವು ಬಿಡದ ಸಂಗಾತಿಯಾಗಿತ್ತು.

ಹೊಸದಾಗಿ ಬಂದ ಮಿಶನರಿಯ ಮೊದಲ ಕರ್ತವ್ಯ ಭಾಷೆಯನ್ನು ಕಲಿಯುವುದು. ದೇಶೀಯ ಪಂಡಿತರ ಮುಂದೆ ಕುಳಿತು ಅಕ್ಷರ, ಒತ್ತಕ್ಷರ, ವಿಭಕ್ತಿಗಳನ್ನು ಅಭ್ಯಾಸ ಮಾಡಬೇಕು. ಪ್ರಾರ್ಥನೆ, ಶಾಲೆಯ ಮೇಲ್ವಿಚಾರಣೆ, ಸಂತೆ ಜಾತ್ರೆಗಳಲ್ಲಿ ಉಪದೇಶ, ಮಳೆಗಾಲ ಕಳೆದ ಮೇಲೆ ಹಳ್ಳಿಗಳ ಸಂಚಾರ, ಕೊನೆಗೆ ಬಾಸೆಲಿಗೆ ವರದಿ — ಇದು ಅವರ ಬಾಳಿನ ಕ್ರಮ. ಉಪದೇಶವನ್ನು ಕೇಳಲು ಜನ ನೆರೆಯುತ್ತಿದ್ದರು, ಪ್ರಶ್ನೆಗಳನ್ನೂ ಕೇಳುತ್ತಿದ್ದರು. ಆದರೆ ಮತವನ್ನು ಬದಲಿಸಿದವರು ಬಹಳ ಕಡಮೆ. ಹಳ್ಳಿಯ ಜನರಿಗೆ ತಮ್ಮದೇ ಆದ ದೇವರಿತ್ತು, ಗುರುವಿದ್ದನು, ಪುರಾಣ ವಚನಗಳ ಸಂಪತ್ತು ಇತ್ತು. ಬರಿಯ ಉಪದೇಶದಿಂದ ಅವರ ಹೃದಯವನ್ನು ಮುಟ್ಟುವುದು ಸಾಧ್ಯವಿರಲಿಲ್ಲ.

ಇಲ್ಲಿ ಕಿಟೆಲ್ ಅವರ ಮುಂದೆ ಎರಡು ದಾರಿಗಳಿದ್ದವು. ಕಲಿತಷ್ಟು ಕನ್ನಡದಲ್ಲಿ ಬೋಧನೆಯನ್ನು ಮುಂದುವರಿಸಿ ವರದಿಗಳನ್ನು ಬರೆಯುವುದು ಒಂದು. ಜನರ ಬಾಳನ್ನೂ ಬರಹವನ್ನೂ ಆಮೂಲಾಗ್ರವಾಗಿ ಅರಿಯುವುದು ಇನ್ನೊಂದು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬ ಹಂಬಲವಿದ್ದ ಅವರು ಎರಡನೆಯ ದಾರಿಯನ್ನೇ ಹಿಡಿದರು. ಆಡುಮಾತಿಗೆ ಕಿವಿಗೊಟ್ಟರು, ಗಾದೆಗಳನ್ನು ಕೂಡಿಹಾಕಿದರು, ಹಳೆಯ ಕಾವ್ಯಗಳನ್ನೂ ವೀರಶೈವ ಪುರಾಣಗಳನ್ನೂ ಓದಿದರು. ಈ ಸಾಹಿತ್ಯಾಸಕ್ತಿಯು ಅವರ ಸಂಸ್ಥೆಯಲ್ಲಿ ಎಲ್ಲರಿಗೂ ರುಚಿಸಲಿಲ್ಲ. ಮಿಶನರಿಗೆ ಧರ್ಮಪ್ರಸಾರವೇ ಮುಖ್ಯ, ಪಾಂಡಿತ್ಯವಲ್ಲ ಎಂಬುದು ಹಲವರ ಎಣಿಕೆ. ಕಿಟೆಲ್ ಅವರು ಮಿಶನ್ನನ್ನೂ ತೊರೆಯಲಿಲ್ಲ, ಕನ್ನಡವನ್ನೂ ಬಿಡಲಿಲ್ಲ.

ಈ ಅಭ್ಯಾಸದ ಫಲ ಕ್ರಮೇಣ ಕಾಣಿಸಿಕೊಂಡಿತು. 1862ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ಅವರ ‘ಕಥಾಮಾಲೆ’ ಪ್ರಕಟವಾಯಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿ ಹೊರತಂದರು. ಈ ನಡುವೆ ಬದುಕು ಅವರನ್ನು ಕಠಿನವಾಗಿಯೇ ಪರೀಕ್ಷಿಸಿತು. 1860ರಲ್ಲಿ ಕೈಹಿಡಿದ ಮಡದಿ ಪೌಲಿನ್ 1864ರಲ್ಲಿಯೇ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ.

ಸುಮಾರು ಎರಡು ದಶಕಗಳ ದುಡಿಮೆಯ ಬಳಿಕ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಪದಗಳ ಆ ಮಹಾಗ್ರಂಥದಲ್ಲಿ ಕವಿಗಳ ಪ್ರಯೋಗಗಳ ಪಕ್ಕದಲ್ಲಿಯೇ ಒಕ್ಕಲಿಗನ ಗಾದೆಗೂ ಸ್ಥಾನವಿದೆ. ಕೆಲವು ಪದಗಳ ಮುಂದೆ ಇದು ಮೈಸೂರು ಸೀಮೆಯ ಬಳಕೆಯೆಂದೂ ಮತ್ತೆ ಕೆಲವುಗಳ ಮುಂದೆ ಇದು ದಕ್ಷಿಣ ಮರಾಠಾ ಸೀಮೆಯ ಬಳಕೆಯೆಂದೂ ಗುರುತು ಹಾಕಲಾಗಿದೆ. ಚಿಕ್ಕದಾಗಿ ತೋರುವ ಈ ಗುರುತುಗಳ ಹಿಂದೆ ದೊಡ್ಡ ತಿಳಿವಿದೆ. ಒಂದು ಸೀಮೆಯ ಮಾತು ಶುದ್ಧ, ಇನ್ನೊಂದರದು ಅಶುದ್ಧ ಎಂದು ನಿಘಂಟುಕಾರನು ತೀರ್ಪು ಕೊಡಲಿಲ್ಲ. ಎರಡನ್ನೂ ಒಂದೇ ತಾಯಿಯ ಮಕ್ಕಳೆಂದು ಒಟ್ಟಿಗೆ ಕೂರಿಸಿದನು. ತಾರುಣ್ಯದಲ್ಲಿ ಬಡಗಣ ಹಳ್ಳಿಗಳ ಮಾತಿಗೆ ಕಿವಿಗೊಟ್ಟವನಿಗೆ ಇದು ಸಹಜವಾಗಿಯೇ ಬಂದ ಗುಣ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ನಿಧನ ಹೊಂದಿದರು.

ಜನರಿಗೆ ತನ್ನ ಮಾತನ್ನು ತಿಳಿಸಲೆಂದು ಬಂದ ತರುಣನು ಮೊದಲು ಜನರ ಮಾತನ್ನು ತಾನು ತಿಳಿಯಬೇಕೆಂದು ಕಂಡುಕೊಂಡನು. ಹೇಳುವುದಕ್ಕಿಂತ ಕೇಳುವುದು ಕಷ್ಟ; ಕಲಿಸುವುದಕ್ಕಿಂತ ಕಲಿಯುವುದಕ್ಕೆ ಹೆಚ್ಚಿನ ವಿನಯ ಬೇಕು. ಆ ವಿನಯದ ಫಲವಾಗಿ ಧಾರವಾಡದ ಹಿಟ್ಟೂ ಬೇಗೂರಿನ ಹಿಟ್ಟೂ ಒಂದೇ ನುಡಿಯ ಕಣಜಕ್ಕೆ ಸೇರಿದವೆಂಬುದನ್ನು ಕನ್ನಡಿಗರು ಮರೆಯಲಾರರು.