ವಾರದ ದುಡಿಮೆ ಮತ್ತು ದೇಹಾರೋಗ್ಯ

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಮೆ ನಡೆಯುತ್ತಿತ್ತು. ವಾರದ ರಜೆಯೆಂಬುದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ 1890ರಲ್ಲಿ ಕಾರ್ಮಿಕರಿಗೆ ಭಾನುವಾರದ ಬಿಡುವು ದೊರೆಯಿತು. ಇಂದು ಸಹಜವೆಂದು ತೋರುವ ರಜೆ ಹೀಗೆ ಕೇಳಿ ಪಡೆದುದು! ಅನಂತರ ಕಾರ್ಖಾನೆ ಕಾಯಿದೆಯು ವಾರದ ಮಿತಿಯನ್ನು 1922ರಲ್ಲಿ 60, 1934ರಲ್ಲಿ 54, 1946ರಲ್ಲಿ 48 ಗಂಟೆಗಳಿಗೆ ಇಳಿಸಿತು. ಇಳಿತ ಅಲ್ಲಿಗೇ ನಿಂತಿತು.

ಇದು ಬರಿಯ ಸೌಕರ್ಯದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಸಂಭವ ಶೇ. 17ರಷ್ಟು ಅಧಿಕ. ಒತ್ತಡದಿಂದ ರಕ್ತದೊತ್ತಡ ಏರುತ್ತದೆ. ನಿದ್ರೆ, ವ್ಯಾಯಾಮಗಳು ಕುಗ್ಗುತ್ತವೆ.

ಆದರೆ ಕಾಯಿದೆಯ ಲೆಕ್ಕಕ್ಕೆ ಸೇರದ ಬಾಬೊಂದುಂಟು. 48 ಗಂಟೆ ದುಡಿಯುವವನೊಬ್ಬನಿಗೆ ಡೊಂಬಿವಲಿಯಿಂದ ಕೋಟೆ ಪ್ರದೇಶಕ್ಕೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿದರೆ, ಆರು ದಿನಕ್ಕೆ ಹದಿನೆಂಟು, ಒಟ್ಟು 66. ಲೋಕಲ್ ಗಾಡಿಯ ನೂಕುನುಗ್ಗಲನ್ನು ವಿಶ್ರಾಂತಿಯೆನ್ನುವವರು ಯಾರು? ದಿನಕ್ಕೆ ಅರ್ಧ ಗಂಟೆ ಕೆಲಸ ಕಡಿಮೆಯಾದರೂ ಪ್ರಯಾಣ ತಪ್ಪದು. ವಾರದಲ್ಲಿ ಒಂದು ದಿನವೇ ಬಿಡುವಾದರೆ ದುಡಿಮೆಯೊಡನೆ ಆ ಮೂರು ಗಂಟೆಗಳೂ ಉಳಿಯುತ್ತವೆ. ಆದುದರಿಂದ ಮಹಾನಗರವಾಸಿಗೆ ಐದು ದಿನಗಳ ವಾರವೇ ಹಿತಕರ. ಆರನೆಯ ದಿನದ ಗಂಟೆಗಳನ್ನು ಉಳಿದ ಐದರ ಮೇಲೆ ಹೇರದಿದ್ದರೆ ಮಾತ್ರ.